ಆನೆಗೊಂದಿ ರಸ್ತೆಯ ಥಾಯ್ ಹೋಟೆಲಿನಿಂದ ಹನ್ನೊಂದು ಜನರಿಗೆ ಪಾರ್ಸೆಲ್: ಏನನ್ನು ಕೇಳಬೇಕು, ಹೇಗೆ ಕಟ್ಟಿಸಬೇಕು?

ಹಿರೇಜಂತಕಲ್ ನಿವಾಸಿ, ಗಂಗಾವತಿ

ಆನೆಗೊಂದಿ ರಸ್ತೆಯಲ್ಲಿ ಒಂದೂವರೆ ವರ್ಷದಿಂದ ನಡೆಯುತ್ತಿರುವ, ನಾಲ್ಕೇ ಮೇಜುಗಳ ಆ ಸಣ್ಣ ಥಾಯ್ ಹೋಟೆಲಿನ ವಿಚಾರವಾಗಿ ಬಲ್ಲವರ ಸಲಹೆ ಬೇಕಾಗಿದೆ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮಗಳು ಎರಡು ವರ್ಷದಿಂದ ವೀಗನ್ ಆಗಿದ್ದಾಳೆ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಲ್ಲ. ಆದರೆ ಅವಳು ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಬಿಟ್ಟಿರುವುದರಿಂದ, ಅವಳು ರಜೆಗೆ ಬಂದಾಗಲೆಲ್ಲ ಒಗ್ಗರಣೆಗೆ ಮುನ್ನ ಕೈಯಲ್ಲಿರುವುದು ಎಣ್ಣೆಯ ಡಬ್ಬಿಯೋ ತುಪ್ಪದ ಡಬ್ಬಿಯೋ ಎಂದು ನಾನು ಎರಡು ಸಲ ನೋಡಿಕೊಳ್ಳುತ್ತೇನೆ. ಈ ನವರಾತ್ರಿಗೆ ಅವಳು ಬರುವ ದಿನ ಮನೆಯಲ್ಲಿ ಹನ್ನೊಂದು ಜನ ಸೇರುತ್ತೇವೆ. ಅಂದಿನ ರಾತ್ರಿಯ ಊಟವನ್ನು ಆ ಹೋಟೆಲಿನಿಂದಲೇ ಪಾರ್ಸೆಲ್ ತರಬೇಕೆಂಬುದು ಅವಳ ಆಸೆ.

ನನಗಿರುವ ಅನುಮಾನಗಳು ಎರಡು. ಫಲಕದ ಮೇಲೆ ‘ಸಂಪೂರ್ಣ ಸಸ್ಯಜನ್ಯ’ ಎಂದು ಬರೆದಿದ್ದರೂ, ಮೀನಿನ ರಸವಿಲ್ಲದೆ ಥಾಯ್ ಅಡುಗೆಯಲ್ಲಿ ಒಂದು ಪದಾರ್ಥವೂ ಆಗುವುದಿಲ್ಲವೆಂದು ನನ್ನ ತಮ್ಮ ಹೇಳುತ್ತಾನೆ. ಅದು ನಿಜವಾದರೆ ಇವರು ಅದರ ಬದಲಿಗೆ ಏನು ಹಾಕುತ್ತಾರೆ? ಎರಡನೆಯದು ಪಾರ್ಸೆಲಿನದು. ಹೋದ ತಿಂಗಳು ಪರೀಕ್ಷೆಗೆಂದು ತರಿಸಿದ ನೂಡಲ್ಸು ಮನೆ ಸೇರುವಷ್ಟರಲ್ಲಿ ಗಟ್ಟಿ ಹೆಂಟೆಯಾಗಿ, ಚಮಚ ಹಾಕಿ ಎತ್ತಿದರೆ ಡಬ್ಬಿಯ ಆಕಾರದಲ್ಲಿಯೇ ಮೇಲೆ ಬಂದಿತ್ತು. ಕುಳಿತು ಉಂಡಾಗ ಅದೇ ನೂಡಲ್ಸು ಬಹಳ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು. ದೂರು ಹೇಳುವುದು ನನ್ನ ಉದ್ದೇಶವಲ್ಲವಾದ್ದರಿಂದ ಹೋಟೆಲಿನ ಹೆಸರು ಬರೆಯುತ್ತಿಲ್ಲ.

ಆನೆಗೊಂದಿಯ ಓದುಗ

ಆ ಹೋಟೆಲಿನ ಅಡುಗೆಯವರನ್ನು ನಾನು ಹತ್ತು ವರ್ಷದಿಂದ ಬಲ್ಲೆ. ಹಂಪಿಯ ಎದುರಿನ ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯಲ್ಲಿ ಹೊರದೇಶದ ಪ್ರವಾಸಿಗರಿಗೆಂದು ಕೆಫೆಗಳು ಸಾಲಾಗಿದ್ದ ಕಾಲದಲ್ಲಿ ಅವರು ಅಲ್ಲಿ ಪಾತ್ರೆ ತೊಳೆಯಲು ಸೇರಿದವರು. ಆ ಕೆಫೆಗಳ ತಿಂಡಿಪಟ್ಟಿಯನ್ನು ನೋಡಿದವರಿಗೆ ಗೊತ್ತಿರುತ್ತದೆ: ಒಂದೇ ಹಾಳೆಯಲ್ಲಿ ಹಮ್ಮಸ್, ಪಾಸ್ತಾ, ಥಾಯ್ ಕರಿ, ಆಲೂ ಪರಾಠಾ ಎಲ್ಲವೂ ಇರುತ್ತಿದ್ದವು, ಮತ್ತು ಎಲ್ಲದರ ರುಚಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಇವರು ಮಾತ್ರ ಪ್ರವಾಸಿಗರನ್ನೇ ಕೇಳಿ ಕೇಳಿ ಥಾಯ್ ಅಡುಗೆಯನ್ನು ಹಟದಿಂದ ಕಲಿತರು. 2020ರ ಫೆಬ್ರುವರಿಯಲ್ಲಿ ಅಲ್ಲಿನ ಕಟ್ಟಡಗಳು ಅಕ್ರಮವೆಂದು ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮರುತಿಂಗಳೇ ಗಡ್ಡೆಯ ಕಟ್ಟಡಗಳು ತೆರವಾದವು. ಅದರ ಬೆನ್ನಿಗೇ ಕೊರೊನಾ ಬಂತು. ನಾಲ್ಕು ವರ್ಷ ಗೋವೆಯ ಅಡುಗೆಮನೆಯೊಂದರಲ್ಲಿ ದುಡಿದು ಊರಿಗೆ ಮರಳಿದ ಮೇಲೆ ಈ ಹೋಟೆಲು ತೆರೆದರು.

ಮೀನಿನ ರಸದ ಬದಲಿಗೆ ಅವರು ಬಳಸುವುದು ಸೋಯಾ ಸಾಸ್, ಹುದುಗು ಬರಿಸಿದ ಸೋಯಾ ಕಾಳಿನ ಹಿಟ್ಟು, ಮತ್ತು ಒಣ ಅಣಬೆಯನ್ನು ನೆನೆಸಿದ ನೀರು. ಇದು ನಾನು ಕಣ್ಣಾರೆ ಕಂಡದ್ದು. ಮಜ್ಜಿಗೆ ಹುಲ್ಲನ್ನು ಮಾತ್ರ ನಮ್ಮ ಹಿತ್ತಿಲಿನಿಂದಲೇ ಕೊಯ್ದುಕೊಂಡು ಹೋಗುತ್ತಾರೆ, ಹಣ ಕೊಡಲು ಬಂದರೆ ನಾವು ತೆಗೆದುಕೊಳ್ಳುವುದಿಲ್ಲ.

ಬಳ್ಳಾರಿ, ಪಾರ್ವತಿ ನಗರ

ಕೆಲಸದ ನಿಮಿತ್ತ ಬ್ಯಾಂಕಾಕಿನಲ್ಲಿ ಏಳು ವರ್ಷ ಇದ್ದು ಬಂದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ತಮ್ಮನ ಮಾತು ಮುಕ್ಕಾಲು ಪಾಲು ಸರಿ. ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ‘ನಾಮ್ ಪ್ಲಾ’ ಎಂಬ ರಸ ಅಲ್ಲಿನ ಅಡುಗೆಗೆ ನಮ್ಮ ಉಪ್ಪಿದ್ದಂತೆ. ಆದರೆ ಸಸ್ಯಾಹಾರಿಗಳಾದ ನಮ್ಮವರು ಎಡವುವುದು ಅದರಲ್ಲಲ್ಲ, ಏಕೆಂದರೆ ಮೀನಿನ ರಸ ಹಾಕಬೇಡಿ ಎಂದು ಎಲ್ಲರೂ ಹೇಳಿಯೇ ಹೇಳುತ್ತಾರೆ. ಎಡವುವುದು ‘ಕಪಿ’ಯಲ್ಲಿ. ಅಂಜನಾದ್ರಿಯ ಬುಡದಲ್ಲಿರುವ ನಿಮಗೆ ಆ ಪದದ ಅರ್ಥ ಬೇರೆಯಿರಬಹುದು. ಥಾಯ್ ಭಾಷೆಯಲ್ಲಿ ಅದು ಸಣ್ಣ ಸೀಗಡಿಯನ್ನು ಉಪ್ಪು ಹಾಕಿ ಹುದುಗಿಸಿ ಅರೆದ ಮುದ್ದೆ. ಹಸಿರು ಕರಿ, ಕೆಂಪು ಕರಿ ಮುಂತಾದವುಗಳ ಮಸಾಲೆಯನ್ನು ರುಬ್ಬುವಾಗಲೇ ಅದು ಒಳಗೆ ಸೇರಿಬಿಡುತ್ತದೆ. ಮಸಾಲೆ ಡಬ್ಬಿಯಲ್ಲಿ ಬಂದದ್ದಾದರೆ, ಮೀನಿನ ರಸವನ್ನು ಒಂದು ಹನಿಯೂ ಮುಟ್ಟದ ಅಡುಗೆಯವರ ಕೈಯಲ್ಲಿಯೂ ಪದಾರ್ಥ ಸಸ್ಯಾಹಾರವಾಗಿ ಉಳಿಯುವುದಿಲ್ಲ. ತೋಮ್ ಯಾಮ್ ಸಾರಿಗೆ ಹಾಕುವ ಹುರಿದ ಮೆಣಸಿನ ಚಟ್ನಿಯಲ್ಲಿಯೂ ಒಣ ಸೀಗಡಿ ಇರುವುದೇ ವಾಡಿಕೆ. ಹಸಿ ಪಪ್ಪಾಯದ ಕೋಸಂಬರಿಯಂಥ ಸೋಮ್ ತಾಮ್‌ನಲ್ಲಿ ಸೀಗಡಿ ಕಣ್ಣಿಗಾದರೂ ಕಾಣುತ್ತದೆ.

ಹೀಗಾಗಿ ಫೋನಿನಲ್ಲಿ ‘ಇದು ವೆಜ್ಜೇ?’ ಎಂದು ಕೇಳಿದರೆ ಉಪಯೋಗವಿಲ್ಲ, ಯಾರಾದರೂ ಹೌದೆಂದೇ ಹೇಳುತ್ತಾರೆ. ‘ಈ ಮಸಾಲೆಯನ್ನು ನೀವೇ ರುಬ್ಬುತ್ತೀರೋ, ಡಬ್ಬಿಯದೋ? ಡಬ್ಬಿಯದಾದರೆ ಅದರ ಮೇಲೆ ಬರೆದಿರುವುದನ್ನು ಓದಿ ಹೇಳುತ್ತೀರಾ?’ ಎಂದು ಕೇಳಿ. ನಮ್ಮ ದೇಶದ ಹಸಿರು ಚುಕ್ಕೆಯನ್ನೂ ನಿಮ್ಮ ಮಗಳ ಮಟ್ಟಿಗೆ ನಂಬುವಂತಿಲ್ಲ, ಏಕೆಂದರೆ ಹಾಲಿನ ಪದಾರ್ಥ ಮತ್ತು ಜೇನು ಇದ್ದರೂ ಆ ಚುಕ್ಕೆ ಬೀಳುತ್ತದೆ. ವೀಗನ್ ಆಹಾರಕ್ಕೆಂದೇ 2022ರಲ್ಲಿ ಪ್ರತ್ಯೇಕ ನಿಯಮ ಬಂದಿದ್ದು, ಹಸಿರು ಬಣ್ಣದ ‘ವಿ’ ಅಕ್ಷರದ ಗುರುತು ಅದರದು.

ಇನ್ನೊಂದು ಮಾತು. ಥಾಯ್ ಭಾಷೆಯಲ್ಲಿ ಸಸ್ಯಾಹಾರಕ್ಕೆ ‘ಮಂಗ್ಸವಿರಾತ್’ ಎನ್ನುತ್ತಾರೆ. ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ, ‘ಮಾಂಸವಿರತಿ’ ಎಂಬ ನಮ್ಮದೇ ಪದ ಕೇಳಿಸುತ್ತದೆ. ಆದರೆ ಮೊಟ್ಟೆ, ಹಾಲು ಅದರಲ್ಲಿ ಸೇರಬಹುದು. ನಿಮ್ಮ ಮಗಳಿಗೆ ಬೇಕಾದದ್ದು ‘ಜೇ’ ಎಂಬ ಪದ. ಚೀನೀ ಮೂಲದ ಥಾಯ್ ಜನ ತಮ್ಮ ಪಂಚಾಂಗದ ಒಂಬತ್ತನೆಯ ತಿಂಗಳಿನ ಮೊದಲ ಒಂಬತ್ತು ದಿನ ಇದನ್ನು ವ್ರತದಂತೆ ಆಚರಿಸುತ್ತಾರೆ, ಮತ್ತು ಆ ದಿನಗಳು ಬಹುತೇಕ ನಮ್ಮ ನವರಾತ್ರಿಯ ಆಸುಪಾಸಿನಲ್ಲಿಯೇ ಬೀಳುತ್ತವೆ. ಆಗ ಬೀದಿಬೀದಿಯ ತಳ್ಳುಗಾಡಿಗಳಲ್ಲಿ ಕೆಂಪು ಅಕ್ಷರದ ಹಳದಿ ಬಾವುಟಗಳು ಕಾಣಿಸುತ್ತವೆ. ಆ ಬಾವುಟವಿದ್ದ ಕಡೆ ನಾನು ಕಣ್ಣು ಮುಚ್ಚಿ ಉಣ್ಣುತ್ತಿದ್ದೆ. ಜೇ ಅಡುಗೆಯಲ್ಲಿ ಪ್ರಾಣಿಜನ್ಯವಾದದ್ದು ಯಾವುದೂ ಇರುವುದಿಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಸಿಂಧನೂರಿನಿಂದ

ಅನ್ಯಥಾ ಭಾವಿಸಬೇಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಇವುಗಳಲ್ಲಿ ಹಾಲೂ ಇಲ್ಲ, ತುಪ್ಪವೂ ಇಲ್ಲ. ಗಟ್ಟಿ ಮೊಸರನ್ನು ಪಕ್ಕಕ್ಕೆ ಸರಿಸಿದರೆ ನಮ್ಮ ತಾಟು ತಲೆಮಾರುಗಳಿಂದ ವೀಗನ್ನೇ. ಅಂಥದ್ದರಲ್ಲಿ ಹುಣಸೆಹುಳಿ, ಬೆಲ್ಲ, ಶೇಂಗಾಪುಡಿ ಹಾಕಿ ಹುರಿದ ಶ್ಯಾವಿಗೆಗೆ ನೂರಾ ಎಂಬತ್ತು ರೂಪಾಯಿ ಕೊಟ್ಟು, ಅದನ್ನು ಕಟ್ಟಿಸುವ ಬಗೆಯನ್ನು ಇಷ್ಟು ಉದ್ದಕ್ಕೆ ಚರ್ಚಿಸಬೇಕೇ?

ಹಿರೇಜಂತಕಲ್ ನಿವಾಸಿ, ಗಂಗಾವತಿ

ಸಿಂಧನೂರಿನವರ ಮಾತು ಸುಳ್ಳಲ್ಲ, ನಾನೂ ಮಗಳಿಗೆ ಇದನ್ನೇ ಹೇಳಿದ್ದೆ. ‘ಅಮ್ಮಾ, ದಿನವೂ ರೊಟ್ಟಿಯನ್ನೇ ತಿನ್ನುತ್ತೇನೆ, ಹಬ್ಬದ ದಿನ ಒಂದೇ ಒಂದು ಊಟ ಎಲ್ಲರೂ ಒಟ್ಟಿಗೆ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವಂತಿರಲಿ, ನನಗೊಂದು ಬೇರೆ ಬಟ್ಟಲು ಬೇಡ’ ಎಂದಳು. ಅದಾದ ಮೇಲೆ ನಾನು ವಾದಿಸಲಿಲ್ಲ.

ಬಳ್ಳಾರಿಯವರ ಬರಹದ ಕೊನೆಯ ಸಾಲು ನನಗೆ ಬಹಳ ಉಪಕಾರ ಮಾಡಿತು. ನಮ್ಮ ಅತ್ತೆಯವರು ನವರಾತ್ರಿಯ ಒಂಬತ್ತು ದಿನವೂ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅವರಿಗೆ ಅಂದು ಬೇರೆ ಅಡುಗೆ ಮಾಡಬೇಕೆಂದೇ ಅಂದುಕೊಂಡಿದ್ದೆ. ಇಲ್ಲಿಯ ಅಡುಗೆಯವರಿಗೆ ‘ಜೇ’ ಎಂದರೆ ತಿಳಿಯುತ್ತದೆಯೇ?

ಆನೆಗೊಂದಿಯ ಓದುಗ

ಕೇಳಿ ಬಂದೆ. ಪದ ಅವರಿಗೆ ಗೊತ್ತಿಲ್ಲ, ಆದರೆ ಕೆಲಸ ಗೊತ್ತಿದೆ. ಗಂಗಾವತಿಯ ಜೈನ ವರ್ತಕರ ಮನೆಗಳಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಹಸಿರು ಕರಿಯನ್ನು ಈಗಾಗಲೇ ಕಳಿಸುತ್ತಿದ್ದಾರಂತೆ. ಮಸಾಲೆಯನ್ನು ಬೇರೆಯಾಗಿಯೇ ರುಬ್ಬಬೇಕಾದ್ದರಿಂದ ಎರಡು ದಿನ ಮುಂಚೆ ಹೇಳಬೇಕು. ಸಂಜೆ ನಾಲ್ಕರಿಂದ ಐದರ ನಡುವೆ ಫೋನ್ ಮಾಡಿದರೆ ಮಾತನಾಡಲು ಅವರಿಗೆ ಪುರುಸೊತ್ತಿರುತ್ತದೆ.

ಕಾರಟಗಿ, ಅಕ್ಕಿ ಗಿರಣಿ

ಅನ್ನದ ವಿಚಾರದಲ್ಲಿ ಎರಡು ಮಾತು ಹೇಳದೆ ಸುಮ್ಮನಿರಲು ನನ್ನಿಂದಾಗದು. ಹೋಟೆಲಿನವರು ಥೈಲ್ಯಾಂಡಿನ ಜಾಸ್ಮಿನ್ ಅಕ್ಕಿಯ ಅನ್ನಕ್ಕೆ ಒಂದು ದರ, ಸೋನಾ ಮಸೂರಿ ಅನ್ನಕ್ಕೆ ಅದರ ಅರ್ಧ ದರ ಇಟ್ಟಿದ್ದಾರೆ. ಜಾಸ್ಮಿನ್ ಅಕ್ಕಿ ಸೋನಾದಂತೆ ಉದುರುದುರಾಗಿ ನಿಲ್ಲುವುದಿಲ್ಲ. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆಯಿರುವುದರಿಂದ ಅನ್ನ ಮೆತ್ತಗಾಗಿ ಒಂದಕ್ಕೊಂದು ಸ್ವಲ್ಪ ಅಂಟುತ್ತದೆ. ತೆಳುವಾದ ತೆಂಗಿನಹಾಲಿನ ಕರಿಯನ್ನು ಹಿಡಿದಿಡಲು ಆ ಅಂಟೇ ಬೇಕು. ಆದರೆ ಮುಚ್ಚಿದ ಡಬ್ಬಿಯಲ್ಲಿ ಮುಕ್ಕಾಲು ಗಂಟೆ ಕುಳಿತರೆ ಅದು ತನ್ನದೇ ಹಬೆಗೆ ಇನ್ನಷ್ಟು ಮೆತ್ತಗಾಗುತ್ತದೆ. ಪಾರ್ಸೆಲಿನ ಲೆಕ್ಕದಲ್ಲಿ ಸೋನಾ ಮಸೂರಿಯೇ ಮೇಲು. ಅದಕ್ಕಿಂತಲೂ ಮೇಲೆಂದರೆ, ಹೋಟೆಲಿನ ಅನ್ನವನ್ನೇ ಬಿಟ್ಟು ಮನೆಯಲ್ಲಿ ಬಿಸಿ ಅನ್ನ ಮಾಡಿಕೊಳ್ಳುವುದು. ಗಂಗಾವತಿಯಲ್ಲಿ ಕುಳಿತು ಅನ್ನವನ್ನು ಹೊರಗಿನಿಂದ ತರಿಸಿದರೆಂದು ಕೇಳಿದರೆ ನಮ್ಮ ಭತ್ತದ ಗದ್ದೆಗಳಿಗೆ ಹರಿಯುವ ತುಂಗಭದ್ರಾ ಎಡದಂಡೆ ನಾಲೆಯ ನೀರಿಗೂ ಬೇಸರವಾದೀತು.

ಇಷ್ಟಕ್ಕೂ ಸೋನಾ ಮಸೂರಿ ಆ ಸೀಮೆಗೆ ಪರಕೀಯವೇನಲ್ಲ. ಸೋನಾ ಮತ್ತು ಮಹ್ಸುರಿ ಎಂಬ ಎರಡು ತಳಿಗಳ ಕೂಡಿಕೆ ಅದು, ಮತ್ತು ಮಹ್ಸುರಿ 1965ರಲ್ಲಿ ಥೈಲ್ಯಾಂಡಿನ ನೆರೆಯ ಮಲೇಷ್ಯಾದಲ್ಲಿ ಬಿಡುಗಡೆಯಾದ ತಳಿ.

ಕೊಪ್ಪಳ, ಗೃಹವಿಜ್ಞಾನ ಶಿಕ್ಷಕಿ

ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ನೂಡಲ್ಸು ಹೆಂಟೆಯಾದದ್ದು ಅಡುಗೆಯವರ ತಪ್ಪಲ್ಲ. ಪ್ಯಾಡ್ ಥಾಯ್ ಎಂಬ ಈ ಹುರಿದ ಪದಾರ್ಥಕ್ಕೆ ಬಳಸುವುದು ಅಕ್ಕಿಹಿಟ್ಟಿನ ನೂಡಲ್ಸು. ಬೆಂದಾಗ ನೀರು ಹೀರಿ ಸಡಿಲವಾದ ಅಕ್ಕಿಯ ಪಿಷ್ಟ ತಣಿಯುತ್ತಾ ಬಂದಂತೆ ಮತ್ತೆ ಬಿಗಿದುಕೊಳ್ಳುತ್ತದೆ. ನಿನ್ನೆಯ ಅನ್ನ, ಆರಿದ ಇಡ್ಲಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ದಾರಿಯಲ್ಲಿ ಅದು ಹುಣಸೆಯ ರಸವನ್ನೆಲ್ಲ ಹೀರಿಕೊಂಡುಬಿಡುವುದರಿಂದ ಡಬ್ಬಿ ತೆರೆದಾಗ ಎಳೆ ಬಿಡಿಸಲು ಜಾರಿಕೆಯೂ ಉಳಿದಿರುವುದಿಲ್ಲ. ಆದ್ದರಿಂದ ನೂಡಲ್ಸನ್ನು ಮುಕ್ಕಾಲು ಭಾಗ ಮಾತ್ರ ಬೇಯಿಸಿ, ಒಂದು ಚಮಚ ಎಣ್ಣೆ ಸವರಿ, ರಸವನ್ನು ಬೇರೆ ಕಟ್ಟಿಕೊಡುವಂತೆ ಕೇಳಿ. ಮನೆಯಲ್ಲಿ ಅಗಲವಾದ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎರಡು ಚಮಚ ನೀರು ಚಿಮುಕಿಸಿ, ಎರಡನ್ನೂ ಕೂಡಿಸಿ ಎರಡು ನಿಮಿಷ ಕೈಯಾಡಿಸಿದರೆ ಸಾಕು. ಹನ್ನೊಂದು ಜನರಿಗೆ ಒಂದೇ ಸಲ ಹಾಕಬೇಡಿ, ಮೂರು ಮೂರು ಜನರ ಪಾಲನ್ನು ಬಿಸಿ ಮಾಡಿ. ಶೇಂಗಾಪುಡಿ, ಮೊಳಕೆಕಾಳು, ನಿಂಬೆಹೋಳು ತಟ್ಟೆಗೆ ಬಡಿಸಿದ ಮೇಲೆಯೇ ಬೀಳಬೇಕು.

ಕರಿಯ ವಿಷಯ ಇದಕ್ಕೆ ವಿರುದ್ಧ. ಅದು ಪಾರ್ಸೆಲಿಗೆ ಹೇಳಿ ಮಾಡಿಸಿದ ಪದಾರ್ಥ, ಅರ್ಧ ಗಂಟೆ ಕುಳಿತರೆ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತೆಂಗಿನಹಾಲು ಜೋರು ಕುದಿಗೆ ಒಡೆದು ಎಣ್ಣೆ ಬಿಡುತ್ತದೆಯಾದ್ದರಿಂದ ಮತ್ತೆ ಬಿಸಿ ಮಾಡುವಾಗ ಉರಿ ಸಣ್ಣದಿರಲಿ. ಒಡೆದರೂ ತಿನ್ನಲು ಅಡ್ಡಿಯಿಲ್ಲ, ನೋಡಲು ಮಾತ್ರ ಸೊಗಸಾಗಿರುವುದಿಲ್ಲ. ಕರಿದ ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಕಟ್ಟಿಸಲೇಬೇಡಿ. ತೂತಿರುವ ಕಾಗದದ ಪೊಟ್ಟಣ ಸಾಕು. ಆದರೆ ಅದು ಸುದ್ದಿಪತ್ರಿಕೆಯ ಕಾಗದವಾಗಬಾರದು, ಮುದ್ರಣದ ಶಾಯಿ ಎಣ್ಣೆಯ ಪದಾರ್ಥಕ್ಕೆ ಇಳಿಯುತ್ತದೆ. ಮಿರ್ಚಿ ಬಜಿಯನ್ನು ಪೇಪರಿನಲ್ಲಿ ಒತ್ತಿ ತಿಂದೇ ನಾವೆಲ್ಲ ದೊಡ್ಡವರಾದೆವು, ನಿಜ, ಆದರೂ ಬೇಡ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ನಮ್ಮ ಸೆಕೆಯಲ್ಲಿ ಅನ್ನ ಮತ್ತು ತೆಂಗಿನಹಾಲು ಎರಡೂ ಬೇಗ ಕೆಡುತ್ತವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರು ಬೆಚ್ಚಗೆ ಉಳಿದರೆ ಅವು ಚಿಗುರಿ ವಿಷವನ್ನುಂಟುಮಾಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಅವುಗಳಿಗೆ ಅನುಕೂಲ. ಏಳಕ್ಕೆ ತಂದ ಊಟವನ್ನು ಒಂಬತ್ತರೊಳಗೆ ಮುಗಿಸಿ, ಉಳಿದದ್ದನ್ನು ಅಗಲವಾದ ಪಾತ್ರೆಗೆ ಹರಡಿ, ಆರಿಸಿ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಚಿತ್ರಾನ್ನ ಮಾಡೋಣವೆಂದು ಕಟ್ಟೆಯ ಮೇಲೆ ಮುಚ್ಚಿಡುವ ನಮ್ಮ ರೂಢಿ ಇಲ್ಲಿ ಬೇಡ.

ರಾಯಚೂರು, ಲಿಂಗಸುಗೂರು ರಸ್ತೆ

ನನಗೆ ಥಾಯ್ ಅಡುಗೆ ತಿಳಿಯದು, ಲೆಕ್ಕ ತಿಳಿಯುತ್ತದೆ. ಇಷ್ಟು ದೊಡ್ಡ ಆರ್ಡರನ್ನು ಆ್ಯಪಿನಲ್ಲಿ ಹಾಕಬೇಡಿ. 2022ರ ಜನವರಿ 1ರಿಂದ ಆ್ಯಪಿನ ಮೂಲಕ ಹೋಗುವ ಊಟದ ಮೇಲಿನ ಶೇಕಡಾ 5ರ ಜಿಎಸ್‌ಟಿಯನ್ನು ಆ್ಯಪಿನ ಕಂಪನಿಯೇ ವಸೂಲು ಮಾಡಿ ಕಟ್ಟಬೇಕೆಂಬ ನಿಯಮವಿದೆ, ಹೋಟೆಲು ಎಷ್ಟು ಸಣ್ಣದಾದರೂ ಸರಿಯೇ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ, ನೋಂದಣಿಯಿಲ್ಲದ ಹೋಟೆಲಿಗೆ ನೀವೇ ಹೋಗಿ ಪಾರ್ಸೆಲ್ ತಂದರೆ ಆ ತೆರಿಗೆ ಇಲ್ಲ. ಕಂಪನಿಗೆ ಹೋಟೆಲಿನವರು ಕೊಡಬೇಕಾದ ಕಮಿಷನ್ನನ್ನು ಸರಿದೂಗಿಸಲು ಆ್ಯಪಿನ ದರಪಟ್ಟಿಯನ್ನೇ ಏರಿಸಿಟ್ಟಿರುವುದೂ ಉಂಟು. ಎರಡೂ ದರಗಳನ್ನು ಹೋಲಿಸಿ ನೋಡಿ. ಹಣಕ್ಕಿಂತ ದೊಡ್ಡ ಕಾರಣವೆಂದರೆ, ರಸ ಬೇರೆ, ನೂಡಲ್ಸು ಬೇರೆ, ಅತ್ತೆಯವರದು ಬೇರೆ ಎಂಬ ಇಷ್ಟೆಲ್ಲ ಸೂಚನೆಗಳನ್ನು ಆ್ಯಪಿನ ಗೇಣುದ್ದದ ಚೌಕದಲ್ಲಿ ಬರೆದು, ಅದನ್ನು ಯಾರೋ ಓದುತ್ತಾರೆಂದು ನಂಬುವುದು ಕಷ್ಟ.

ಗಂಗಾವತಿ, ಹೊಸ ಸದಸ್ಯೆ

ಹನ್ನೊಂದು ಜನರಲ್ಲಿ ಮಕ್ಕಳಿದ್ದರೆ ಶೇಂಗಾ ಒಗ್ಗದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ನನ್ನ ಮಗನಿಗೆ ಶೇಂಗಾ ತಿಂದರೆ ಮೈಯೆಲ್ಲ ದದ್ದೆದ್ದು ತುಟಿ ಊದಿಕೊಳ್ಳುತ್ತದೆ. ಅದೇ ಬಾಣಲೆ, ಅದೇ ಸೌಟು ಎಲ್ಲದಕ್ಕೂ ಬಳಕೆಯಾಗುವುದರಿಂದ ‘ಶೇಂಗಾ ಹಾಕಬೇಡಿ’ ಎಂದು ಹೇಳಿದರೆ ಸಾಲದು. ನಾವು ಅಂಥ ಅಡುಗೆಮನೆಯ ಊಟವನ್ನು ಅವನಿಗೆ ಕೊಡುವುದೇ ಇಲ್ಲ.

ಸಿಂಧನೂರಿನಿಂದ

ಹೋದ ವಾರ ಗಂಗಾವತಿಗೆ ಬಂದವನು ಕುತೂಹಲ ತಡೆಯಲಾರದೆ ಅಲ್ಲಿಯೇ ಹಸಿರು ಕರಿ ಉಂಡೆ. ಸೂಜಿ ಮೆಣಸಿನ ಖಾರದ ಬಗ್ಗೆ ಇಲ್ಲಿ ಯಾರೂ ಎಚ್ಚರಿಕೆ ಕೊಡದಿದ್ದದ್ದು ಅನ್ಯಾಯ. ಹಸಿರು ಬಣ್ಣ ನೋಡಿ ಸೌಮ್ಯವೆಂದು ಭಾವಿಸಿದ್ದೆ. ‘ಮಧ್ಯಮ ಖಾರ’ ಎಂದು ಅವರು ಹೇಳುವುದು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಅಳತೆಯಲ್ಲಿ ಅಲ್ಲ. ಹಿರಿಯರಿಗೂ ಮಕ್ಕಳಿಗೂ ‘ಖಾರ ಕಡಿಮೆ’ ಎಂದು ಬಿಡಿಸಿ ಹೇಳಿ. ಊಟ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ, ದರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಿರೇಜಂತಕಲ್ ನಿವಾಸಿ, ಗಂಗಾವತಿ

ಹಬ್ಬದ ಗಡಿಬಿಡಿಯಲ್ಲಿ ತಡವಾಯಿತು, ಕ್ಷಮಿಸಿ. ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ.

ಎರಡು ದಿನ ಮುಂಚೆ ಸಂಜೆ ನಾಲ್ಕೂಕಾಲಿಗೆ ಫೋನ್ ಮಾಡಿ, ಬಳ್ಳಾರಿಯವರು ಹೇಳಿಕೊಟ್ಟ ಪ್ರಶ್ನೆಯನ್ನೇ ಪದಶಃ ಕೇಳಿದೆ. ಹಸಿರು ಕರಿ, ಕೆಂಪು ಕರಿಗಳ ಮಸಾಲೆಯನ್ನು ತಾವೇ ರುಬ್ಬುವುದಾಗಿ ಅಡುಗೆಯವರು ಹೇಳಿದರು. ತೋಮ್ ಯಾಮ್ ಸಾರಿನ ಹುರಿದ ಮೆಣಸಿನ ಚಟ್ನಿ ಮಾತ್ರ ಡಬ್ಬಿಯದಂತೆ. ‘ಅದು ನಮ್ಮ ಹಳೆಯ ಕಂಪನಿಯದೇ, ಅದರಲ್ಲಿ ಏನೂ ಇಲ್ಲ’ ಎಂದವರು, ನಾನು ಓದಿ ಹೇಳುವಂತೆ ಕೇಳಿದ ಮೇಲೆ ಡಬ್ಬಿಯನ್ನು ತರಲು ಒಳಗೆ ಹೋದರು. ಸ್ವಲ್ಪ ಹೊತ್ತು ಫೋನಿನಲ್ಲಿ ಪಾತ್ರೆಗಳ ಸದ್ದಷ್ಟೇ ಕೇಳಿಸುತ್ತಿತ್ತು. ಮರಳಿ ಬಂದವರು ಓದಲು ಶುರು ಮಾಡಿ, ನಾಲ್ಕನೆಯ ಪದಕ್ಕೆ ನಿಂತರು. ಒಣ ಸೀಗಡಿ. ತಾವು ಎಂದಿನಿಂದ ತರಿಸುತ್ತಿದ್ದ ಡಬ್ಬಿ ಸಿಗದ ಕಾರಣ ಸರಕು ಕಳಿಸುವವರು ಅದೇ ಬಣ್ಣದ ಬೇರೆ ಡಬ್ಬಿಯನ್ನು ಹಾಕಿ ಕಳಿಸಿದ್ದರು. ಅದು ಬಂದು ಐದು ದಿನವಾಗಿತ್ತು, ಮುಚ್ಚಳವೂ ತೆರೆದಿತ್ತು.

ಅವರು ವಾದಿಸಲಿಲ್ಲ, ಮುಚ್ಚಿಡಲೂ ಇಲ್ಲ. ‘ಅಕ್ಕಾ, ಇವತ್ತಿನಿಂದ ಸಾರು ಇಲ್ಲ’ ಎಂದಷ್ಟೇ ಹೇಳಿದರು. ಆ ಐದು ದಿನಗಳಲ್ಲಿ ಸಾರು ಕಟ್ಟಿಸಿಕೊಂಡು ಹೋದ, ಫೋನ್ ನಂಬರು ಇದ್ದ ಗಿರಾಕಿಗಳಿಗೆಲ್ಲ ಅಂದೇ ಕರೆ ಮಾಡಿ ತಿಳಿಸಿದರೆಂದು ಆಮೇಲೆ ಗೊತ್ತಾಯಿತು. ಅವರಲ್ಲಿ ಎರಡು ಜೈನ ಮನೆಗಳೂ ಇದ್ದವಂತೆ. ಆ ಮಾತುಕತೆ ಹೇಗೆ ನಡೆದಿರಬಹುದೆಂದು ನಾನು ಊಹಿಸಬಲ್ಲೆ. ಆರ್ಡರನ್ನೇ ಕೈಬಿಡಬೇಕೆಂದು ನನ್ನ ತಮ್ಮ ಹೇಳಿದ. ನಿರ್ಧಾರವನ್ನು ಮಗಳಿಗೇ ಬಿಟ್ಟೆ. ಅವಳು ಬಸ್ಸಿನಲ್ಲಿದ್ದಳು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದಿ ಹೇಳಿದರಲ್ಲ, ತರಿಸು’ ಎಂದಳು.

ಹಸಿರು ಕರಿ ಏಳು ಪಾಲು, ಅತ್ತೆಯವರಿಗೂ ಮಗಳಿಗೂ ಬೇರೆಯಾಗಿ ರುಬ್ಬಿದ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಕರಿ ಮೂರು ಪಾಲು, ಪ್ಯಾಡ್ ಥಾಯ್ ಆರು ಪಾಲು, ಪಪ್ಪಾಯದ ಕೋಸಂಬರಿ, ಕರಿದ ತೋಫು ಇವಿಷ್ಟನ್ನು ಹೇಳಿದ್ದೆ. ಅನ್ನವನ್ನು ಕಾರಟಗಿಯವರ ಮಾತಿನಂತೆ ಮನೆಯಲ್ಲಿಯೇ ಮಾಡಿದೆ. ಶೇಂಗಾದ ವಿಷಯ ವಿಚಾರಿಸಿದ್ದಕ್ಕೆ ಹೊಸ ಸದಸ್ಯೆಯವರಿಗೆ ಋಣಿಯಾಗಿದ್ದೇನೆ: ನಾದಿನಿಯ ಮಗುವಿಗೆ ಅದು ಒಗ್ಗುವುದಿಲ್ಲವೆಂದು ಆಗಲೇ ತಿಳಿದದ್ದು. ಆ ಮಗುವಿಗೆ ಬಿಸಿ ಅನ್ನ, ಬೇಳೆಸಾರು ಮಾಡಿ ಬೇರೆ ಕೋಣೆಯಲ್ಲಿ ಮೊದಲೇ ಉಣಿಸಿದೆವು. ಒಂದೇ ಪಾತ್ರೆಯ ಊಟ ಎಂಬ ಮಗಳ ಆಸೆ ಅಷ್ಟರ ಮಟ್ಟಿಗೆ ಮುಕ್ಕಾಯಿತು.

ಎರಡು ಸ್ಟೀಲ್ ಕ್ಯಾರಿಯರ್‌ಗಳನ್ನು ಮನೆಯಿಂದಲೇ ಒಯ್ದಿದ್ದೆ. ಬಿಸಿ ಕರಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ರಬ್ಬರ್ ಸುತ್ತುವುದನ್ನು ನೋಡಲು ನನಗೆ ಆಗುವುದಿಲ್ಲ. ನೂಡಲ್ಸನ್ನು ಕೊಪ್ಪಳದ ಶಿಕ್ಷಕಿಯವರು ಹೇಳಿದಂತೆಯೇ ಬಿಸಿ ಮಾಡಿದೆ. ಮೊದಲ ಸರದಿ ಕಾವು ಸಾಲದೆ ಸ್ವಲ್ಪ ಅಂಟಿತು, ಎರಡನೆಯದರಿಂದ ಎಳೆ ಎಳೆಯಾಗಿ ಬಂತು. ಪಪ್ಪಾಯದ ಕೋಸಂಬರಿಯ ರಸವನ್ನು ಬೇರೆ ಕಟ್ಟಿಸಲು ನಾನು ಮರೆತಿದ್ದರಿಂದ ಅದು ನೀರು ಬಿಟ್ಟು, ಕೊನೆಗೆ ಸಾರಿಲ್ಲದ ಕೊರತೆಯನ್ನು ಅದೇ ತುಂಬಿತು. ತೋಫುವನ್ನು ಪನೀರೆಂದು ತಿಳಿದು ತಿಂದ ನಮ್ಮ ಮನೆಯವರಿಗೆ ಯಾರೂ ನಿಜ ಹೇಳಲಿಲ್ಲ.

ಅತ್ತೆಯವರು ಮೊದಲು ಬೆರಳ ತುದಿಯಿಂದ ಕರಿಯನ್ನು ನೆಕ್ಕಿ, ಆಮೇಲೆ ಅನ್ನಕ್ಕೆ ಕಲಸಿಕೊಂಡರು. ಮಜ್ಜಿಗೆ ಹುಲ್ಲಿನ ತುಂಡುಗಳನ್ನೂ ಕಾಫಿರ್ ನಿಂಬೆಯ ಎಲೆಗಳನ್ನೂ ಕರಿಬೇವಿನಂತೆ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು, ‘ಇದನ್ನು ಮಜ್ಜಿಗೆಗೆ ಹಾಕುವುದನ್ನು ಕಂಡಿದ್ದೆ, ತೆಂಗಿನಹಾಲಿಗೂ ಒಪ್ಪುತ್ತದೆ’ ಎಂದರು. ಎರಡನೆಯ ಸಲ ಬಡಿಸಿಕೊಂಡರೆಂಬುದು ನನ್ನ ಮಟ್ಟಿಗೆ ಅಂದಿನ ಸುದ್ದಿ.

ಬಳ್ಳಾರಿ, ಪಾರ್ವತಿ ನಗರ

ಡಬ್ಬಿಯ ವಿಷಯ ಓದಿ ಕಸಿವಿಸಿಯಾಯಿತು, ಆಶ್ಚರ್ಯವಾಗಲಿಲ್ಲ. ಬ್ಯಾಂಕಾಕಿನಲ್ಲಿ ನನಗೂ ಹೀಗಾಗಿತ್ತು. ಅಂಗಡಿಯವಳ ತಪ್ಪಿರಲಿಲ್ಲ, ನಾನು ಪ್ರಶ್ನೆಯನ್ನು ಒಂದು ಸಲ ಕೇಳಿ ಆಮೇಲೆ ಎರಡು ವರ್ಷ ಕೇಳದೇ ಇದ್ದೆ. ಡಬ್ಬಿ ಬದಲಾದಾಗ ಉತ್ತರವೂ ಬದಲಾಗಿರುತ್ತದೆ. ಕೇಳಿದಾಗ ಮುಖ ಗಂಟಿಕ್ಕುವ ಹೋಟೆಲಿಗಿಂತ ಒಳಗೆ ಹೋಗಿ ಡಬ್ಬಿ ತರುವ ಹೋಟೆಲು ವಾಸಿ.

ಆನೆಗೊಂದಿಯ ಓದುಗ

ನಿನ್ನೆ ಮಜ್ಜಿಗೆ ಹುಲ್ಲು ಕೊಯ್ಯಲು ಬಂದಿದ್ದರು. ಇನ್ನು ಮುಂದೆ ಹುರಿದ ಮೆಣಸಿನ ಚಟ್ನಿಯನ್ನೂ ತಾವೇ ಮಾಡುತ್ತಾರಂತೆ. ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಬೆಲ್ಲ, ಹುರಿದು ಪುಡಿ ಮಾಡಿದ ಒಣ ಅಣಬೆ ಇವುಗಳಿಂದ ಮೂರು ಸಲ ಮಾಡಿ ನೋಡಿದ್ದಾರೆ, ಮೂರನೆಯದು ಒಪ್ಪಿಗೆಯಾಗಿದೆ. ಸೋಮವಾರದಿಂದ ಸಾರು ಮತ್ತೆ ಇರುತ್ತದೆ, ಆದರೆ ಪಾತ್ರೆ ತಂದವರಿಗೆ ಮಾತ್ರ ಪಾರ್ಸೆಲ್.

ಹಿರೇಜಂತಕಲ್ ನಿವಾಸಿ, ಗಂಗಾವತಿ

ನಮ್ಮ ಕ್ಯಾರಿಯರ್‌ನ ಕೆಳಗಿನ ಡಬ್ಬಿಯೊಂದು ಅಂದು ಅಲ್ಲಿಯೇ ಉಳಿದುಬಿಟ್ಟಿದೆ. ಮಗಳು ಮಂಗಳವಾರ ಬೆಂಗಳೂರಿಗೆ ಹೊರಡುತ್ತಾಳೆ. ಸೋಮವಾರ ಸಂಜೆ ಅದೇ ಡಬ್ಬಿಯಲ್ಲಿ ಮೂರು ಜನರಿಗಾಗುವಷ್ಟು ಸಾರು ಕಟ್ಟಿಡಲು ಅವರಿಗೆ ಹೇಳಿಬಿಡಿ, ಖಾರ ಕಡಿಮೆ.